‘ಮಿಸ್‌ಫೈರ್’ ಎಂಬ ಪದ ಮತ್ತು ಕೇಪಿನ ಕೋವಿಯ ಲಾಕು

ಮಾನ್ಯ ಸಂಪಾದಕರೇ,

ಮಲೆನಾಡಿನ ಯಾವುದೋ ಊರಿನಲ್ಲಿ ಕೋವಿಯಿಂದ ಈಡು ಹಾರಿ ಯಾರಾದರೂ ಗಾಯಗೊಂಡರೆ ಅಥವಾ ಜೀವ ಕಳೆದುಕೊಂಡರೆ, ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಆ ಸುದ್ದಿ ಬಹುಮಟ್ಟಿಗೆ ಒಂದೇ ಪದದಲ್ಲಿ ಮುಗಿದುಹೋಗುತ್ತದೆ. ಆ ಪದ ‘ಮಿಸ್‌ಫೈರ್’. ಕೋವಿ ಮಿಸ್‌ಫೈರ್ ಆಯಿತು, ಆದ್ದರಿಂದ ಸಾವು ಸಂಭವಿಸಿತು ಎಂದು ಓದಿದವರು ನಿಟ್ಟುಸಿರು ಬಿಟ್ಟು ಪುಟ ಮಗುಚುತ್ತಾರೆ. ಈ ಪದದ ನಿಜವಾದ ಅರ್ಥ ಇದಕ್ಕೆ ತೀರಾ ವಿರುದ್ಧವಾದದ್ದು. ಟ್ರಿಗರ್ ಎಳೆದಾಗ ಬಡಿಯುವ ಸುತ್ತಿಗೆಯಂಥ ಭಾಗ, ಅಂದರೆ ಕುದುರೆ, ಬಿದ್ದರೂ ಅದರಡಿಯ ಕೇಪು ಎಂಬ ಸಿಡಿಯುವ ಪುಟ್ಟ ಟೋಪಿ ಸಿಡಿಯದಿರುವುದು, ಅಥವಾ ಕೇಪು ಸಿಡಿದರೂ ನಳಿಕೆಯೊಳಗಿನ ಮದ್ದಿಗೆ ಬೆಂಕಿ ತಾಗದೆ ಈಡು ಹಾರದೆ ಉಳಿಯುವುದು, ಇವೇ ಮಿಸ್‌ಫೈರ್. ಹಾರಬಾರದ ಹೊತ್ತಿನಲ್ಲಿ ಹಾರಿದ ಈಡಿಗೆ ಆ ಹೆಸರು ಸಲ್ಲುವುದಿಲ್ಲ. ಪದದ ಶುದ್ಧತೆಗಾಗಿ ಮಾತ್ರ ನಾನು ಈ ಪತ್ರ ಬರೆಯುತ್ತಿದ್ದರೆ ನಿಮ್ಮ ಸಮಯ ಹಾಳುಮಾಡುತ್ತಿರಲಿಲ್ಲ. ಈ ತಪ್ಪು ಪದ ಕೋವಿಯ ಒಂದು ಭಾಗವನ್ನು, ಅಂದರೆ ಕುದುರೆಯನ್ನು ಹಿಡಿದಿಟ್ಟು ಬಿಡುವ ಯಂತ್ರವಾದ ಲಾಕನ್ನು, ನಮ್ಮೆಲ್ಲರ ಕಣ್ಣಿನಿಂದ ಮರೆಮಾಡಿದೆ ಎಂಬುದು ನನ್ನ ದೂರು.

ನಾನು ಕೊಪ್ಪ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದವನು. ಬೆಂಗಳೂರಿನ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಅರ, ಉಳಿ, ಮೈಕ್ರೋಮೀಟರುಗಳ ನಡುವೆ ಹಲವು ವರ್ಷ ಕಳೆದು, ಆಮೇಲೆ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಅದೇ ಕಸುಬು ಮಾಡಿ, ಈಗ ನಿವೃತ್ತನಾಗಿ ಅಲ್ಲಿಯೇ ನೆಲೆಸಿದ್ದೇನೆ. ಆ ರಾಜ್ಯದ ದಕ್ಷಿಣ ಭಾಗದಲ್ಲಿ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರಿದೆ. ನಳಿಕೆಯ ಬಾಯಿಯಿಂದ ಮದ್ದು ತುಂಬುವ ಕೋವಿಗಳ ಹವ್ಯಾಸಿಗಳು 1933ರಲ್ಲಿ ಕಟ್ಟಿಕೊಂಡ ರಾಷ್ಟ್ರೀಯ ಸಂಘದ ಗುರಿ ಸ್ಪರ್ಧೆಗಳು ಅಲ್ಲಿ ನಡೆಯುತ್ತವೆ. ಒಮ್ಮೆ ನೋಡಲೆಂದು ಹೋದ ನನಗೆ, ನಮ್ಮ ಮನೆಯ ಗೋಡೆಯ ಮೇಲೆ ತೂಗುತ್ತಿದ್ದ ಅಜ್ಜಯ್ಯನ ಕೇಪಿನ ಕೋವಿಯ ದಾಯಾದಿಗಳೇ ಸಾಲುಸಾಲಾಗಿ ನಿಂತಂತೆ ಕಂಡಿತು. ಅಲ್ಲಿ ಬಹಳ ಮಂದಿ ತಮ್ಮ ಕೋವಿಯನ್ನು ತಾವೇ ಕಟ್ಟಿಕೊಳ್ಳುತ್ತಾರೆ. ನಳಿಕೆ, ಲಾಕು, ಟ್ರಿಗರ್ ಮತ್ತು ಅರೆಬರೆ ಕೆತ್ತಿದ ಮರ ಬಿಡಿಬಿಡಿಯಾಗಿ ಸಿಗುತ್ತವೆ. ಅಲ್ಲಿನ 1968ರ ಬಂದೂಕು ನಿಯಂತ್ರಣ ಕಾಯ್ದೆ ಇಂಥವನ್ನು ಪುರಾತನ ಶಸ್ತ್ರಗಳ ಸಾಲಿಗೆ ಸೇರಿಸಿದೆ, ಆದರೆ ರಾಜ್ಯ ರಾಜ್ಯಕ್ಕೂ ನಿಯಮ ಬೇರೆ. ನಮ್ಮ ದೇಶದಲ್ಲಿ ಹಾಗಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಇಲ್ಲಿ ಕೋವಿ ತಯಾರಿಸಲು ಮಾತ್ರವಲ್ಲ, ರಿಪೇರಿ ಮಾಡುವ ಕಸುಬಿಗೂ ಪರವಾನಗಿ ಬೇಕು. ಈ ಪತ್ರ ಓದಿ ಯಾರೂ ತಮ್ಮ ಮನೆಯ ಕೋವಿಗೆ ಅರ ಹಿಡಿಯಬಾರದು.

ನಾನು ಕಟ್ಟಿದ್ದು ಹಾಕೆನ್ ಮಾದರಿಯ ರೈಫಲ್. ಜೇಕಬ್ ಮತ್ತು ಸ್ಯಾಮ್ಯುಯೆಲ್ ಹಾಕೆನ್ ಎಂಬ ಅಣ್ಣತಮ್ಮಂದಿರು 19ನೇ ಶತಮಾನದ ಮೊದಲ ಅರ್ಧದಲ್ಲಿ ಸೇಂಟ್ ಲೂಯಿಸ್ ಪಟ್ಟಣದ ತಮ್ಮ ಅಂಗಡಿಯಲ್ಲಿ, ರಾಕಿ ಬೆಟ್ಟಸಾಲಿಗೆ ಹೊರಟ ಬೇಟೆಗಾರರಿಗಾಗಿ ಮಾಡಿಕೊಡುತ್ತಿದ್ದ ಗಟ್ಟಿಮುಟ್ಟಾದ ಕೋವಿ ಅದು. ಎಂಟು ಪಟ್ಟಿಯ ದಪ್ಪ ನಳಿಕೆ, ಒಳಗೆ ಸುರುಳಿ ಗೀರು, ಅರ್ಧ ಇಂಚಿನ ಗುಂಡು, ಮೇಪಲ್ ಮರದ ಮೈ. ನಮ್ಮ ಕಡೆಯ ಕೇಪಿನ ಕೋವಿಯ ನಳಿಕೆ ಒಳಗೆ ನುಣುಪಾಗಿದ್ದು ಚರೆಗೆ ಹೇಳಿಸಿದ್ದು. ಆದರೆ ಲಾಕಿನ ವಿಷಯದಲ್ಲಿ ಎರಡಕ್ಕೂ ಮೂಲ ಒಂದೇ. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬಲ್ಲಿ ಪಾದ್ರಿಯಾಗಿದ್ದ ಅಲೆಗ್ಸಾಂಡರ್ ಫೋರ್ಸಿತ್ 1807ರಲ್ಲಿ, ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕದಿಂದ ಮದ್ದಿಗೆ ಬೆಂಕಿ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಮುಂದಿನ ಹದಿನೈದಿಪ್ಪತ್ತು ವರ್ಷಗಳಲ್ಲಿ ಅದು ತಾಮ್ರದ ಪುಟ್ಟ ಟೋಪಿಯ ರೂಪ ತಾಳಿತು. ನಾವು ಕೇಪು ಎನ್ನುವುದು ಅದನ್ನೇ. ಚಕಮಕಿ ಕಲ್ಲಿನ ಜಾಗಕ್ಕೆ ಕೇಪು ಬಂದಿತಾದರೂ ಕುದುರೆಯನ್ನು ಹಿಡಿದಿಡುವ ಒಳಗಿನ ಯಂತ್ರ ಹೆಚ್ಚು ಬದಲಾಗಲಿಲ್ಲ.

ಆ ಯಂತ್ರ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಒಂದು ಉಕ್ಕಿನ ಪಟ್ಟಿಯ ಹೊರಮೈಯಲ್ಲಿ ಕುದುರೆ ಇರುತ್ತದೆ. ಪಟ್ಟಿಯನ್ನು ತೂರಿಬಂದ ಅಚ್ಚಿನ ಮೂಲಕ ಕುದುರೆ, ಒಳಮೈಯಲ್ಲಿರುವ ಟಂಬ್ಲರ್ ಎಂಬ ಅರೆವೃತ್ತದ ತುಂಡಿಗೆ ಬಿಗಿದಿರುತ್ತದೆ. ಕುದುರೆ ತಿರುಗಿದರೆ ಟಂಬ್ಲರ್ ತಿರುಗುತ್ತದೆ, ಟಂಬ್ಲರ್ ತಿರುಗಿದರೆ ಕುದುರೆ. ದೊಡ್ಡ ಸ್ಪ್ರಿಂಗು ಟಂಬ್ಲರನ್ನು ಸದಾ ಮುಂದಕ್ಕೆ ತಳ್ಳುತ್ತಿರುತ್ತದೆ. ಟಂಬ್ಲರಿನ ಅಂಚಿನಲ್ಲಿ ಎರಡು ಕಚ್ಚುಗಳಿವೆ. ಕುದುರೆಯನ್ನು ಅರ್ಧ ಎತ್ತಿದಾಗ ಹಿಡಿಯುವ ಕಚ್ಚು ಆಳವಾಗಿದ್ದು ಅದರ ಬಾಯಿ ಕೊಕ್ಕೆಯಂತೆ ಮುಚ್ಚಿಕೊಂಡಿರುತ್ತದೆ. ಪೂರ್ತಿ ಎತ್ತಿದಾಗ ಹಿಡಿಯುವುದು ಆಳವಿಲ್ಲದ, ತೆರೆದ ಮೆಟ್ಟಿಲಿನಂಥ ಕಚ್ಚು. ಈ ಕಚ್ಚುಗಳೊಳಗೆ ಮೂಗು ತೂರಿಸಿ ನಿಲ್ಲುವ ಸಣ್ಣ ಸನ್ನೆಗೆ ಸಿಯರ್ ಎನ್ನುತ್ತಾರೆ. ಸಿಯರಿನ ಬಾಲ ಲಾಕಿನಿಂದ ಅಡ್ಡಲಾಗಿ ಮರದೊಳಕ್ಕೆ ಚಾಚಿಕೊಂಡು ಟ್ರಿಗರಿನ ಮೇಲ್ಗಡೆ ಇರುತ್ತದೆ. ಟ್ರಿಗರ್ ಎಳೆದರೆ ಅದರ ತಲೆ ಬಾಲವನ್ನು ಎತ್ತುತ್ತದೆ, ಮೂಗು ಕಚ್ಚಿನಿಂದ ಜಾರುತ್ತದೆ, ಕುದುರೆ ಬೀಳುತ್ತದೆ. ಪೂರ್ತಿ ಎತ್ತಿದ ಕುದುರೆಗೂ ಕೇಪಿಗೂ ನಡುವೆ ಇರುವ ತಡೆಯೆಂದರೆ ಕೂದಲೆಳೆಯ ಕೆಲವು ಪಟ್ಟು ಅಗಲದ ಉಕ್ಕಿನ ಅಂಚು, ಅಷ್ಟೇ.

ಲಾಕನ್ನು ನಾನು ತಯಾರಾದ ಸ್ಥಿತಿಯಲ್ಲೇ ಕೊಂಡೆ. ಅದನ್ನು ಮರದಲ್ಲಿ ಕೂರಿಸುವ ಕೆಲಸಕ್ಕೇ ಒಂದು ಚಳಿಗಾಲದ ಬಹುಪಾಲು ಬೇಕಾಯಿತು. ಮೊದಲು ಒಳಗಿನ ಭಾಗಗಳನ್ನೆಲ್ಲ ಬಿಚ್ಚಿ ಬರಿಯ ಪಟ್ಟಿಯನ್ನಷ್ಟೇ ಇಳಿಸಬೇಕು. ಪಟ್ಟಿಯ ಅಂಚಿಗೆ ಒಳಮುಖವಾಗಿ ಅತಿ ಸೂಕ್ಷ್ಮವಾದ ಇಳಿಜಾರು ಕೊಟ್ಟರೆ ಅದು ಮರದ ಬಾಯಿಯನ್ನು ಕೀಳದೆ ಬೆಣೆಯಂತೆ ಬಿಗಿಯಾಗಿ ಇಳಿಯುತ್ತದೆ. ದೀಪದ ಮಸಿಯನ್ನು ಪಟ್ಟಿಗೆ ತೆಳ್ಳಗೆ ಸವರಿ, ಜಾಗದಲ್ಲಿಟ್ಟು ಒತ್ತಿ, ಎತ್ತಿ ನೋಡಿದರೆ ಮರ ಎಲ್ಲಿ ತಾಗುತ್ತಿದೆಯೋ ಅಲ್ಲಿ ಕಪ್ಪು ಚುಕ್ಕೆ ಮೂಡಿರುತ್ತದೆ. ಉಳಿಯಿಂದ ಆ ಚುಕ್ಕೆಯನ್ನಷ್ಟೇ ಕೆರೆದು ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಕೆರೆತ. ಪಟ್ಟಿಯ ಒಳಮೈ ನಳಿಕೆಯ ಪಕ್ಕೆಗೆ ತಾಗಿ ನಿಲ್ಲುವವರೆಗೆ ಇದೇ ಜಪ. ಆಮೇಲೆ ಟಂಬ್ಲರ್, ಅದರ ಮೇಲಿನ ಸೇತುವೆಯಂಥ ತುಂಡು, ಸಿಯರ್, ಸ್ಪ್ರಿಂಗುಗಳು ಹೀಗೆ ಒಂದೊಂದನ್ನೇ ಸೇರಿಸುತ್ತ ಪ್ರತಿಯೊಂದಕ್ಕೂ ಅದರದೇ ಗುಳಿ ತೋಡಬೇಕು. ಅವಸರದಲ್ಲಿ ಎಲ್ಲವನ್ನೂ ಒಟ್ಟಿಗೆ ಬಗೆದುಬಿಟ್ಟರೆ ಕೋವಿಯ ಮರ ಅತಿ ತೆಳುವಾಗಿರುವ ಆ ಕೊರಳಿನ ಭಾಗದಲ್ಲೇ ಪೊಳ್ಳಾಗಿ, ಒಂದು ದಿನ ಸೀಳುತ್ತದೆ.

ಇಷ್ಟು ಎಚ್ಚರ ವಹಿಸಿದರೂ ನಾನು ಎಡವಿದೆ. ಈ ಪತ್ರದ ತಿರುಳು ಇರುವುದೂ ಅಲ್ಲಿಯೇ. ಲಾಕು ಕೈಯಲ್ಲಿದ್ದಾಗ ಕುದುರೆ ಎರಡೂ ಕಚ್ಚುಗಳಲ್ಲಿ ಟಕ್ ಎಂದು ಸ್ಪಷ್ಟವಾಗಿ ನಿಲ್ಲುತ್ತಿತ್ತು. ಮರದಲ್ಲಿ ಕೂರಿಸಿ ಪಕ್ಕದ ಬೋಲ್ಟನ್ನು ಬಿಗಿದ ಕೂಡಲೇ ಅರ್ಧ ಕಚ್ಚಿನ ಸದ್ದು ಮಂದವಾಯಿತು. ಇನ್ನರ್ಧ ಸುತ್ತು ಬಿಗಿದರೆ ಕುದುರೆ ಅರ್ಧದಲ್ಲಿ ನಿಲ್ಲುವುದನ್ನೇ ಬಿಟ್ಟಿತು. ಬೋಲ್ಟ್ ಸಡಿಲಿಸಿದರೆ ಮತ್ತೆ ಎಲ್ಲವೂ ಸರಿ. ಕೋವಿಯಲ್ಲಿ ಮದ್ದೂ ಇರಲಿಲ್ಲ, ಕೇಪೂ ಇರಲಿಲ್ಲ. ಆದರೂ ಕುದುರೆ ತಾನಾಗಿ ಕುಸಿದಾಗ ಎದೆ ಝಲ್ಲೆಂದಿತು. ಲಾಕನ್ನು ಮತ್ತೆ ಬಿಚ್ಚಿ ಸಿಯರಿನ ಬಾಲದ ತುದಿಗೆ ಮಸಿ ಹಚ್ಚಿ, ಕೂರಿಸಿ, ಕುದುರೆಯನ್ನು ಎರಡು ಬಾರಿ ಆಡಿಸಿ, ತೆಗೆದು ಟಾರ್ಚ್ ಹಿಡಿದು ನೋಡಿದೆ. ಬಾಲಕ್ಕಾಗಿ ಕೊರೆದ ತೂತಿನ ತಳದಲ್ಲಿ, ಅಕ್ಕಿಕಾಳಿನ ತುದಿಯಷ್ಟು ಜಾಗದಲ್ಲಿ, ಕಪ್ಪು ಗುರುತು. ಅರ್ಧ ಕಚ್ಚು ಆಳವಾದದ್ದರಿಂದ ಮೂಗು ಅದರೊಳಗೆ ಪೂರ್ತಿ ಹೊಗಬೇಕಾದರೆ ಬಾಲ ಅಷ್ಟೇ ಕೆಳಗೆ ಇಳಿಯಬೇಕು. ಇಳಿಯಲು ಮರ ಬಿಡುತ್ತಿರಲಿಲ್ಲ. ಮೂಗು ಕಚ್ಚಿನ ಬಾಯಿಯ ಮೇಲಷ್ಟೇ ಕುಳಿತು ಜಾರುತ್ತಿತ್ತು. ಪೋಸ್ಟ್‌ಕಾರ್ಡಿನ ದಪ್ಪದಷ್ಟು ಮರ ಕೆರೆದು ತೆಗೆದೆ, ಕಾಯಿಲೆ ವಾಸಿಯಾಯಿತು.

ಈ ಅನುಭವ ನನ್ನನ್ನು ನೇರವಾಗಿ ನಮ್ಮೂರಿನ ಆಷಾಢಕ್ಕೆ ಕರೆದೊಯ್ದಿತು. ಮೂರು ತಿಂಗಳು ಎಡೆಬಿಡದೆ ಮಳೆ ಸುರಿಯುವ ಸೀಮೆಯಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಕೋವಿಯ ಮರವೂ ಮರವೇ. ಬೇಸಿಗೆಯಲ್ಲಿ ಸರಿಯಾಗಿ ನಿಲ್ಲುತ್ತಿದ್ದ ಕುದುರೆ ಮಳೆಗಾಲದಲ್ಲಿ ನಿಲ್ಲದೆ ಹೋದರೆ, ಮರ ಉಬ್ಬಿ ಸಿಯರಿನ ಬಾಲವನ್ನು ಕೆಳಗಿನಿಂದ ಹಿಡಿದುಕೊಂಡಿರಬಹುದು. ಟ್ರಿಗರ್ ಕೂಡ ಇದೇ ಕೆಲಸ ಮಾಡಬಲ್ಲದು. ನಳಿಕೆಯ ಹಿಂತುದಿಯನ್ನು ಮರಕ್ಕೆ ಬಿಗಿಯುವ ತಿರುಪನ್ನು ಅತಿಯಾಗಿ ಬಿಗಿದರೆ, ಕೆಳಗಿನಿಂದ ಟ್ರಿಗರಿನ ತಗಡು ಮೇಲೆದ್ದು ಟ್ರಿಗರಿನ ತಲೆ ಸದಾ ಸಿಯರಿನ ಬಾಲವನ್ನು ಒತ್ತುತ್ತಿರುತ್ತದೆ. ಆದ್ದರಿಂದಲೇ ಕುದುರೆ ಯಾವ ಸ್ಥಿತಿಯಲ್ಲಿದ್ದರೂ ಟ್ರಿಗರಿಗೂ ಬಾಲಕ್ಕೂ ನಡುವೆ ಕಾಗದ ತೂರುವಷ್ಟಾದರೂ ಬಿಡುವು ಇರಬೇಕೆಂದು ಬಲ್ಲವರು ಹೇಳುತ್ತಾರೆ. ಟ್ರಿಗರ್ ಸ್ವಲ್ಪ ಲೊಡಲೊಡ ಎಂದರೆ ಅದು ದೋಷವೆಂದು ತಿಳಿದು ಬಿಗಿ ಮಾಡಿಸಲು ಹೊರಡುವವರನ್ನು ನಾನು ಕಂಡಿದ್ದೇನೆ. ಆ ಲೊಡಲೊಡವೇ ಜೀವ ಕಾಯುವ ಸಡಿಲ.

ಟ್ರಿಗರಿನ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ನನ್ನ ರೈಫಲಿಗೆ ಜೋಡಿ ಟ್ರಿಗರ್ ಇದೆ. ಹಿಂದಿನದನ್ನು ಎಳೆದು ಅಣಿಮಾಡಿದರೆ ಮುಂದಿನದು ಗರಿ ತಾಗಿದಂತೆ ತಾಗಿದರೂ ಬಿಡುಗಡೆಯಾಗುತ್ತದೆ. ಅಂಥ ಟ್ರಿಗರ್ ಸಿಯರಿನ ಬಾಲಕ್ಕೆ ಒಂದೇ ಪೆಟ್ಟು ಕೊಟ್ಟು ಸರಿಯುವುದರಿಂದ, ಬೀಳುತ್ತಿರುವ ಟಂಬ್ಲರಿನ ಅರ್ಧ ಕಚ್ಚಿಗೆ ಮೂಗು ಮತ್ತೆ ಸಿಕ್ಕಿಬೀಳುವ ಅಪಾಯವಿದೆ. ಅದನ್ನು ತಪ್ಪಿಸಲು ಟಂಬ್ಲರಿನಲ್ಲಿ ಫ್ಲೈ ಎಂಬ, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ನಾಲಿಗೆಯನ್ನು ಕೂರಿಸಿರುತ್ತಾರೆ. ಬೀಳುವಾಗ ಅದು ಅರ್ಧ ಕಚ್ಚಿನ ಬಾಯಿಗೆ ಅಡ್ಡ ಬಂದು ಮೂಗನ್ನು ದಾಟಿಸುತ್ತದೆ. ಲಾಕನ್ನು ತೊಳೆಯುವಾಗ ಅದು ಎರಡು ಬಾರಿ ನನ್ನ ಕೈಯಿಂದ ಜಾರಿ ನೆಲಕ್ಕೆ ಬಿತ್ತು, ಎರಡೂ ಬಾರಿ ಅಯಸ್ಕಾಂತ ಹಿಡಿದು ಹುಡುಕಿದೆ. ಅದಿಲ್ಲದ ಲಾಕಿಗೆ ಹಗುರ ಟ್ರಿಗರ್ ಜೋಡಿಸಿದರೆ ಮೂಗು ಅರ್ಧ ಕಚ್ಚಿನ ತುಟಿಗೆ ಮತ್ತೆ ಮತ್ತೆ ಬಡಿದು, ಎರಡರಲ್ಲಿ ಒಂದು ಮುರಿಯುತ್ತದೆ.

ಟ್ರಿಗರ್ ಹಗುರವಾಗಬೇಕೆಂಬ ಆಸೆಯೇ ಹಲವು ಲಾಕುಗಳನ್ನು ಕೆಡಿಸಿದೆ. ಗಟ್ಟಿ ಎಳೆತದಿಂದ ಗುರಿ ಅಲುಗುತ್ತದೆಂದು ಯಾರೋ ಒಬ್ಬರು ಪೂರ್ಣ ಕಚ್ಚಿಗೆ ಅರ ಆಡಿಸುತ್ತಾರೆ. ಟಂಬ್ಲರ್ ಮತ್ತು ಸಿಯರಿನ ಮೇಲ್ಮೈಗೆ ಮಾತ್ರ ಹದ ಕೊಟ್ಟು ಗಡಸು ಮಾಡಿರುವುದು ಹಳೆಯ ಲಾಕುಗಳಲ್ಲಿ ಸಾಮಾನ್ಯ. ಆ ಗಡಸು ಚರ್ಮ ತೀರಾ ತೆಳು, ಅದರ ಕೆಳಗಿರುವುದು ಮೆದು ಕಬ್ಬಿಣ. ಅರ ಚರ್ಮವನ್ನು ದಾಟಿದರೆ ಮೊದಲ ವಾರ ಟ್ರಿಗರ್ ಬೆಣ್ಣೆಯಂತಿರುತ್ತದೆ, ಆಮೇಲೆ ದಿನೇ ದಿನೇ ಅಂಚು ದುಂಡಗಾಗುತ್ತ, ಕಡೆಗೆ ಪೂರ್ತಿ ಎತ್ತಿದ ಕುದುರೆ ಒಂದು ಸಣ್ಣ ತಟ್ಟಿಗೆ ಬೀಳುವ ಮಟ್ಟಕ್ಕೆ ಬರುತ್ತದೆ. ಕಚ್ಚಿನ ಕೋನ ಒಂದಿಷ್ಟು ಹೊರವಾಲಿದರೂ ಅದೇ ಗತಿ. ಮೂವತ್ತು ವರ್ಷ ಅರ ಹಿಡಿದ ಕೈ ನನ್ನದು. ಆದರೂ ನನ್ನ ಲಾಕಿನ ಕಚ್ಚಿಗೆ ನಾನು ಅರ ತಾಗಿಸಲಿಲ್ಲ, ನುಣುಪಾದ ಸಾಣೆಕಲ್ಲಿನಿಂದ ಒರಟನ್ನಷ್ಟೇ ಒರೆಸಿ ನಿಲ್ಲಿಸಿದೆ.

ಕುದುರೆಯ ತಲೆ ಕೇಪಿನ ಮೇಲೆ ಹೇಗೆ ಕೂರುತ್ತದೆ ಎಂಬುದೂ ಮುಖ್ಯ. ಕೇಪು ಕೂರುವ ತೂತುಳ್ಳ ಪುಟ್ಟ ಮೊಳೆಯಾದ ನಿಪ್ಪಲಿನ ಮೇಲೆ ಮಸಿ ಹಚ್ಚಿ ಕುದುರೆಯನ್ನು ಹೆಬ್ಬೆರಳಿನಲ್ಲಿ ಹಿಡಿದು ಮೆಲ್ಲಗೆ ಇಳಿಸಿದರೆ, ಅದರ ತಲೆಯ ಗುಳಿಯ ಸರಿಯಾದ ನಡುವೆ ದುಂಡು ಗುರುತು ಬೀಳಬೇಕು. ನನ್ನದರಲ್ಲಿ ಗುರುತು ಒಂದು ಪಕ್ಕಕ್ಕೆ ಅರ್ಧಚಂದ್ರದಂತೆ ಬಿತ್ತು. ಕುದುರೆಯ ಕತ್ತನ್ನು ಕೆಂಪಗೆ ಕಾಯಿಸಿ ತುಸು ಬಾಗಿಸಿ ಸರಿಮಾಡಿದೆ. ಓರೆ ಪೆಟ್ಟು ಬಿದ್ದರೆ ಕೇಪು ಕೆಲವೊಮ್ಮೆ ಸಿಡಿಯುವುದಿಲ್ಲ. ನಿಜವಾದ ಮಿಸ್‌ಫೈರಿನ ಒಂದು ಕಾರಣ ಇದು. ಸಿಡಿದರೂ ತಾಮ್ರದ ಚೂರು ಗುಳಿಯೊಳಗೆ ಉಳಿಯದೆ ಕಣ್ಣಿನ ಕಡೆಗೆ ಹಾರಬಹುದು. ಕೇಪಿಲ್ಲದ ಬರಿಯ ನಿಪ್ಪಲಿನ ಮೇಲೆ ಮಕ್ಕಳು ಕುದುರೆ ಬಡಿದು ಆಡುವುದೂ ನಮ್ಮ ಕಡೆ ಉಂಟು. ಅದರಿಂದ ನಿಪ್ಪಲಿನ ತುಟಿ ಅಣಬೆಯಂತೆ ಅಗಲವಾಗಿ ಕೇಪು ಪೂರ್ತಿ ಇಳಿಯದಂತಾಗುತ್ತದೆ.

ಕಳೆದ ಬಾರಿ ಊರಿಗೆ ಬಂದಾಗ ಅಣ್ಣನೊಡನೆ ಈ ಮಾತೆಲ್ಲ ಆಡುತ್ತಿದ್ದೆ. ಅಜ್ಜಯ್ಯನಿಂದ ಅಪ್ಪಯ್ಯನಿಗೆ, ಅಪ್ಪಯ್ಯನಿಂದ ಅಣ್ಣನಿಗೆ ಪರವಾನಗಿ ಸಮೇತ ಬಂದ ಕೋವಿ ಅದು. ತೋಟಕ್ಕೆ ನುಗ್ಗುವ ಪ್ರಾಣಿಗಳನ್ನು ಬರಿಯ ಮದ್ದಿನ ಸದ್ದಿನಿಂದ ಬೆದರಿಸಲು ಮಾತ್ರ ಅಣ್ಣ ಅದನ್ನು ಬಳಸುತ್ತಾನೆ. “ಎಂಥ ಆಗ್ತದೆ ಮಾರಾಯ, ಇಷ್ಟು ವರ್ಷ ಎಂಥದೂ ಆಗ್ಲಿಲ್ಲ” ಎಂದ. ಒತ್ತಾಯ ಮಾಡಿದ್ದಕ್ಕೆ, ನಳಿಕೆ ಖಾಲಿಯಿದೆಯೆಂದು ಗಜ (ಮದ್ದು ಜಡಿಯುವ ಕೋಲು) ಇಳಿಸಿ ಅಳತೆ ನೋಡಿ ಖಚಿತಪಡಿಸಿಕೊಂಡು, ನಿಪ್ಪಲಿನ ಮೇಲೆ ಹಳೆಯ ಚಪ್ಪಲಿಯ ಚರ್ಮದ ತುಂಡು ಇಟ್ಟು, ಕುದುರೆಯನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿ ಟ್ರಿಗರ್ ಎಳೆದ. ಅರ್ಧ ಕಚ್ಚಿನಲ್ಲಿರುವ ಕುದುರೆ ಎಷ್ಟೇ ಬಲವಾಗಿ ಎಳೆದರೂ ಬೀಳಬಾರದು, ಅದೇ ಆ ಕಚ್ಚಿನ ಕೆಲಸ. ಅಣ್ಣನ ಬೆರಳು ಹೆಚ್ಚು ಶ್ರಮಪಡಲೇ ಇಲ್ಲ. ಚರ್ಮದ ಮೇಲೆ ದಪ್ಪೆಂಬ ಸದ್ದು ಕೇಳಿಸಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತಿಗೆ ಏನೂ ಮಾತಾಡದೆ ಒಳಗೆ ಹೋದರು. ಎಷ್ಟೋ ವರ್ಷಗಳಿಂದ ಅಣ್ಣ ಅದೇ ಕೋವಿಯನ್ನು, ಕೇಪು ಹಾಕಿ, ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿ, ಹೆಗಲ ಮೇಲೆ ಹೊತ್ತು ಮೊಮ್ಮಗನ ಕೈ ಹಿಡಿದು ತೋಟದ ಸಂಕ ದಾಟುತ್ತಿದ್ದ.

ಮರುದಿನವೇ ಪರವಾನಗಿಯುಳ್ಳ ರಿಪೇರಿಯವರನ್ನು ಹುಡುಕಿ ಹೊರಟೆವು. ಸುಲಭಕ್ಕೆ ಸಿಗಲಿಲ್ಲ. ಎರಡು ಪೇಟೆ ದಾಟಿ, ಮೂರನೆಯದರಲ್ಲಿ ಕಣ್ಣು ಮಂಜಾಗಿದ್ದರೂ ಕೈ ಮಂಜಾಗದ ಒಬ್ಬ ಹಿರಿಯರು ಸಿಕ್ಕರು. ಲಾಕನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ಅದ್ದಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಾಗ ಹತ್ತಾರು ವರ್ಷಗಳ ಮದ್ದಿನ ಕಿಟ್ಟ ಕೆಸರಿನಂತೆ ಇಳಿಯಿತು. ಉರಿದ ಕರಿಮದ್ದಿನ ಬೂದಿ ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ನಳಿಕೆಯನ್ನು ಬಿಸಿನೀರಿನಲ್ಲಿ ತೊಳೆಯುವ ಅಣ್ಣ ಲಾಕನ್ನು ಒಮ್ಮೆಯೂ ಬಿಚ್ಚಿಸಿರಲಿಲ್ಲ. ಅವರು ಭೂತಗನ್ನಡಿ ನಮ್ಮ ಕೈಗೆ ಕೊಟ್ಟು ಟಂಬ್ಲರನ್ನು ಬೆಳಕಿಗೆ ಹಿಡಿದರು. ಅರ್ಧ ಕಚ್ಚಿನ ಕೊಕ್ಕೆಯ ತುಟಿ ಇರಲೇ ಇಲ್ಲ. ಮುರಿದ ಜಾಗ ಹೊಸದಾಗಿ ಹೊಳೆಯುತ್ತಿರಲಿಲ್ಲ, ಸವೆದು ಕಪ್ಪಾಗಿತ್ತು. ಎಂದರೆ ಅದು ಮುರಿದು ಬಹಳ ಕಾಲವಾಗಿತ್ತು. ಸಿಯರಿನ ಮೂಗಿನ ಒಂದು ಮೂಲೆಯೂ ಹಾರಿತ್ತು. ಅಂದು ಆ ಕೋವಿಯಿಂದ ಈಡು ಹಾರಿ ಏನಾದರೂ ಅನಾಹುತವಾಗಿದ್ದರೆ ಪತ್ರಿಕೆಯಲ್ಲಿ ‘ಮಿಸ್‌ಫೈರ್’ ಎಂದು ಬರುತ್ತಿತ್ತು. ಮುರಿದ ತುಟಿಯನ್ನು ಯಾರೂ ನೋಡುತ್ತಿರಲಿಲ್ಲ.

ಕೋವಿ ತಾನಾಗಿ ಹಾರಿತು ಎಂದು ಜನ ಹೇಳುವಾಗ ಎಷ್ಟೋ ಬಾರಿ ಅವರು ಸುಳ್ಳು ಹೇಳುತ್ತಿರುವುದಿಲ್ಲ. ಟ್ರಿಗರನ್ನು ಯಾರೂ ಮುಟ್ಟಿರುವುದಿಲ್ಲ. ಆದರೆ ಲಾಕಿನೊಳಗೆ ಒಂದು ಕಾರಣ ಇದ್ದೇ ಇರುತ್ತದೆ. ಮುರಿದ ಅರ್ಧ ಕಚ್ಚು, ದುಂಡಾದ ಪೂರ್ಣ ಕಚ್ಚು, ಉಬ್ಬಿದ ಮರ ಇವನ್ನು ಆಗಲೇ ಹೇಳಿದೆ. ಇವಲ್ಲದೆ ಇನ್ನೊಂದಿದೆ, ಅದಕ್ಕೆ ಲಾಕು ಕೆಟ್ಟಿರಲೂ ಬೇಕಿಲ್ಲ. ಕುದುರೆಯನ್ನು ಪೂರ್ತಿ ಇಳಿಸಿ ಕೇಪಿನ ಮೇಲೆಯೇ ಕೂರಿಸಿ ಒಯ್ಯುವುದು ಸುರಕ್ಷಿತವೆಂದು ಹಲವರು ನಂಬಿದ್ದಾರೆ. ಆಗ ಕುದುರೆ ಮತ್ತು ಕೇಪಿನ ನಡುವೆ ಯಾವ ತಡೆಯೂ ಇಲ್ಲ. ಗೋಡೆಗೆ ಒರಗಿಸಿದ ಕೋವಿ ಜಾರಿ ಕುದುರೆಯ ಬೆನ್ನು ಕಲ್ಲಿಗೆ ಬಡಿದರೆ ಆ ಪೆಟ್ಟು ನೇರವಾಗಿ ಕೇಪಿಗೆ ಸೇರುತ್ತದೆ. ಬೇಲಿ ನುಸುಳುವಾಗ ಬಳ್ಳಿಯೊಂದು ಕುದುರೆಯ ಕಿವಿಗೆ, ಅಂದರೆ ಹೆಬ್ಬೆರಳಿನಿಂದ ಎತ್ತುವ ಚಾಚಿಗೆ, ಸಿಕ್ಕಿ ಅದನ್ನು ಎಳೆದು ಅರ್ಧ ಕಚ್ಚು ಮುಟ್ಟುವ ಮೊದಲೇ ಬಿಟ್ಟರೆ ದೊಡ್ಡ ಸ್ಪ್ರಿಂಗು ತನ್ನ ಕೆಲಸ ಮಾಡಿಬಿಡುತ್ತದೆ. ಗುರಿಯ ಜಾಗ ತಲುಪುವವರೆಗೆ ನಿಪ್ಪಲಿನ ಮೇಲೆ ಕೇಪು ಇಡದಿರುವುದೊಂದೇ ಇದಕ್ಕೆ ಪರಿಹಾರ. ಫ್ರೆಂಡ್‌ಶಿಪ್ಪಿನ ಮೈದಾನದಲ್ಲಿ ಕೋವಿಯ ಬಾಯಿ ಗುರಿಯ ಕಡೆಗೆ ತಿರುಗಿದ ಮೇಲಷ್ಟೇ ಕೇಪು ಹಾಕುತ್ತಾರೆ. ಕೇಪು ಹಾರಿಯೂ ಈಡು ಹಾರದಿದ್ದರೆ, ಅಂದರೆ ನಿಜವಾದ ಮಿಸ್‌ಫೈರ್ ಆದರೆ, ಕೋವಿಯ ಬಾಯನ್ನು ಅದೇ ದಿಕ್ಕಿನಲ್ಲಿಟ್ಟು ಒಂದೆರಡು ನಿಮಿಷ ಅಲುಗದೆ ಕಾಯುತ್ತಾರೆ. ಒಳಗೆ ಮದ್ದು ಕನಲುತ್ತಿದ್ದು ತಡವಾಗಿ ಹಾರಬಹುದು.

ನಮ್ಮಲ್ಲಿ ಪರವಾನಗಿ ನವೀಕರಣಕ್ಕೆಂದು ಕೋವಿಯನ್ನು ಒಯ್ದಾಗ ನಂಬರು ಸರಿಯಿದೆಯೇ ಎಂದು ನೋಡುತ್ತಾರೆ, ಅದು ಸರಿಯೇ. ಆದರೆ ಕುದುರೆ ಅರ್ಧದಲ್ಲಿ ನಿಲ್ಲುತ್ತದೆಯೇ ಎಂದು ನಮ್ಮ ಮನೆಯ ಕೋವಿಗೆ ಯಾರೂ ಕೇಳಿದ ನೆನಪು ಅಣ್ಣನಿಗಿಲ್ಲ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಐದು ವರ್ಷಕ್ಕೊಮ್ಮೆಯಾದರೂ ಪರವಾನಗಿ ಪಡೆದ ರಿಪೇರಿಯವರು ಲಾಕನ್ನು ಬಿಚ್ಚಿ ನೋಡಿ ಒಂದು ಚೀಟಿ ಬರೆದುಕೊಡುವ ಏರ್ಪಾಡು ಆಗಲಿ ಎಂಬುದು ನನ್ನ ಬೇಡಿಕೆ. ಪರೀಕ್ಷೆಗೆ ಬೇಕಾಗುವುದು ಹತ್ತು ನಿಮಿಷ. ಖಾಲಿ ಕೋವಿಯ ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿ ಟ್ರಿಗರ್ ಎಳೆಯುವುದು, ಪೂರ್ತಿ ಎತ್ತಿ ಹಿಂದಿನಿಂದ ಹೆಬ್ಬೆರಳಿನಲ್ಲಿ ಒತ್ತಿ ನೋಡುವುದು, ಲಾಕನ್ನು ಹೊರತೆಗೆದು, ಟ್ರಿಗರಿನ ಬದಲು ಸಿಯರಿನ ಬಾಲವನ್ನು ಒತ್ತಿ, ಮತ್ತೆ ಅದೇ ಎರಡು ಪರೀಕ್ಷೆ ಮಾಡುವುದು. ಕೈಯಲ್ಲಿ ಸರಿಯಿದ್ದು ಮರದಲ್ಲಿ ಕೆಟ್ಟರೆ ಮರದ ಇಲ್ಲವೇ ಟ್ರಿಗರಿನ ದೋಷ, ಎರಡರಲ್ಲೂ ಕೆಟ್ಟರೆ ಕಚ್ಚಿನ ಇಲ್ಲವೇ ಸಿಯರಿನ ದೋಷ.

ಚುನಾವಣೆ ಬಂದಾಗಲೆಲ್ಲ ಈ ಕೋವಿಗಳು ಠಾಣೆ ಸೇರುತ್ತವೆ. ಶಾಂತಿಗಾಗಿ ಅದು ಬೇಕಿರಬಹುದು, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ನಮ್ಮ ಕೋವಿ ಒಮ್ಮೆ ಅಲ್ಲಿಂದ ಮರಳಿದಾಗ ಅದರ ಕುದುರೆಯ ಕಿವಿ ಬಾಗಿತ್ತು, ನಿಪ್ಪಲಿನ ಸುತ್ತ ತುಕ್ಕು ಏರಿತ್ತು. ಹತ್ತಾರು ಕೋವಿಗಳನ್ನು ಒಂದರ ಮೇಲೊಂದು ಒರಗಿಸಿದರೆ ಪೆಟ್ಟು ಬೀಳುವುದು ಹೊರಚಾಚಿದ ಕುದುರೆಗಳಿಗೇ. ಇಡುವ ಕೋಣೆಯಲ್ಲಿ ಒಂದು ಮರದ ಚೌಕಟ್ಟು ಮಾಡಿಸಿದರೆ ಇದು ತಪ್ಪುತ್ತದೆ. ಒಪ್ಪಿಸುವವರೂ ಲಾಕಿಗೆ ಎಣ್ಣೆ ಸವರಿ ಒಪ್ಪಿಸಬೇಕು, ಮರಳಿ ಪಡೆದಾಗ ಬಳಸುವ ಮೊದಲು ತೋರಿಸಬೇಕು.

ಕೊಡಗಿನವರು ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂ ಮುಡಿಸುತ್ತಾರೆ. ಅಲ್ಲಿನ ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಹಿಡುವಳಿ ಉಳ್ಳವರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ವಿಸ್ತರಿಸಿತು. ನವೀಕರಣದ ನೆಪವೂ ಇಲ್ಲದ ಅಂಥ ಮನೆಗಳಲ್ಲಿ ಹಬ್ಬದ ಹಿಂದಿನ ವಾರವೇ ಲಾಕು ತೋರಿಸುವ ದಿನವಾಗಬಹುದು. ನಮ್ಮ ಮನೆಯಲ್ಲಿ ಆಯುಧಪೂಜೆಗೆ ಕುದುರೆಯ ತಲೆಗೆ ಕುಂಕುಮ ಹಚ್ಚುತ್ತಿದ್ದರು, ಆ ಕುಂಕುಮ ಕೂಡ ವರ್ಷಗಟ್ಟಲೆ ಜಮೆಯಾಗಿ ಗುಳಿಯೊಳಗೆ ಗಟ್ಟಿಯಾಗಿ ಕೂತಿದ್ದನ್ನು ರಿಪೇರಿಯ ಹಿರಿಯರು ಸೂಜಿಯಿಂದ ಕೆದಕಿ ತೆಗೆದರು.

ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ಹಾರಬಾರದ ಈಡು ಹಾರಿದ ಸುದ್ದಿಗೆ ‘ಆಕಸ್ಮಿಕವಾಗಿ ಈಡು ಹಾರಿ’ ಎಂದು ಬರೆಯಿರಿ, ‘ಮಿಸ್‌ಫೈರ್’ ಬೇಡ. ನಿಮ್ಮ ವರದಿಗಾರರು ಠಾಣೆಯಲ್ಲಿ ವಿವರ ಕೇಳುವಾಗ ಕೋವಿ ಕೇಪಿನದೋ ತೋಟೆಯದೋ (ಕಾರ್ಟ್ರಿಜ್ ಹಾಕುವುದೋ), ಕುದುರೆ ಇಳಿದಿತ್ತೋ ಅರ್ಧ ಎತ್ತಿತ್ತೋ, ಲಾಕನ್ನು ಬಿಚ್ಚಿ ಪರೀಕ್ಷಿಸಲಾಯಿತೋ ಇಲ್ಲವೋ ಎಂಬ ಮೂರು ಪ್ರಶ್ನೆಗಳನ್ನೂ ಕೇಳಲಿ. ಉತ್ತರ ಬಂದಷ್ಟನ್ನು ಅಚ್ಚು ಮಾಡಿ. ಅದನ್ನು ಓದಿದ ಹತ್ತು ಮನೆಗಳಲ್ಲಿ ಒಬ್ಬರಾದರೂ ಗೋಡೆಯ ಕೋವಿಯನ್ನು ಇಳಿಸಿ, ಖಾಲಿಯಿದೆಯೆಂದು ನೋಡಿಕೊಂಡು, ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿ ಪರೀಕ್ಷಿಸುತ್ತಾರೆಂಬ ನಂಬಿಕೆ ನನಗಿದೆ.

ಅಣ್ಣನ ಕೋವಿಗೆ ಸರಿಹೊಂದುವ ಟಂಬ್ಲರ್ ಇನ್ನೂ ಸಿಕ್ಕಿಲ್ಲ. ಅದು ಸಿಗುವವರೆಗೆ ಆ ಹಿರಿಯರು ನಿಪ್ಪಲನ್ನು ಬಿಚ್ಚಿ ಚೀಟಿಯೊಂದರಲ್ಲಿ ಸುತ್ತಿ ಅಣ್ಣನ ಕೈಗೆ ಕೊಟ್ಟಿದ್ದಾರೆ. ಅದು ಈಗ ಅತ್ತಿಗೆಯ ಸಾಸಿವೆ ಡಬ್ಬಿಯ ಪಕ್ಕದಲ್ಲಿದೆ.

ಇಂತಿ ನಿಮ್ಮ ಹಳೆಯ ಓದುಗ,
ಇಂಡಿಯಾನಾ, ಅಮೆರಿಕ
(ಮೂಲ: ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ)